ಅಜ್ಜಾರ ಮೀಸೆಯೂ ನನ್ನ ಮೈಕೂ

ಕಿವಿ ಕೇಳದ ಹೆಣ್ಣುಮಗಳೊಬ್ಬಳಿಗೆ ಪ್ರವಚನ ಕೇಳಿಸಲಿ ಎಂದು ನಾನು ಮಠದ ಮೈಕಿನ ಹಾರ್ನನ್ನು ಆಕೆಯ ಮನೆಯ ಕಡೆ ತಿರುಗಿಸಿ ಕಟ್ಟಿದೆ. ಇದನ್ನು ಮೊದಲೇ ಒಪ್ಪಿಕೊಂಡುಬಿಡುವುದು ಒಳ್ಳೆಯದು. ನಾನು ಹೇಳದಿದ್ದರೆ ಆ ಊರಿನ ಎಮ್ಮೆ ಹೇಳುತ್ತದೆ.

ಸುಮ್ಮನೆ ತಿರುಗಿಸಿದ್ದಲ್ಲ. ಏಣಿ ತಂದು, ಬೇವಿನ ಮರ ಹತ್ತಿ, ಹಾರ್ನಿನ ಬಾಯಿ ಅವರ ಬಾಗಿಲಿಗೆ ಸರಿಯಾಗಿ ನೇರವಾಗುವಂತೆ ಒಂದು ಕಣ್ಣು ಮುಚ್ಚಿ ಗುರಿ ನೋಡಿ ಕಟ್ಟಿದೆ. ಕೆಳಗಿಳಿದು ಆಂಪ್ಲಿಫೈಯರಿನ ಗುಂಡಿಯನ್ನು ಅದು ಎಲ್ಲಿಯವರೆಗೆ ತಿರುಗುತ್ತದೋ ಅಲ್ಲಿಯವರೆಗೆ ತಿರುಗಿಸಿದೆ. ಕಿವುಡು ಎಂದರೆ ನನ್ನ ತಿಳುವಳಿಕೆಯಲ್ಲಿ ದೂರದ ಹೊಲದಲ್ಲಿರುವ ಮನುಷ್ಯನಿದ್ದ ಹಾಗೆ. ಜೋರಾಗಿ ಕೂಗಿದರೆ ಮುಟ್ಟುತ್ತದೆ. "ಹಲೋ, ಹಲೋ, ಮೈಕ್ ಟೆಸ್ಟಿಂಗ್, ಒನ್, ಟೂ..." ಎಂದೆ. ತ್ರೀ ಅನ್ನುವ ಅಗತ್ಯ ಬೀಳಲಿಲ್ಲ.

ಅವರ ಎಮ್ಮೆ ಹಗ್ಗ ಹರಿಯಲಿಲ್ಲ. ಹಗ್ಗ, ಗೂಟ, ಗೂಟ ಬಡಿದಿದ್ದ ಗೋಡೆಯ ಒಂದು ಹೆಂಟೆ, ಎಲ್ಲವನ್ನೂ ತೆಗೆದುಕೊಂಡೇ ಹೋಯಿತು. ಮಠದ ಗೋಪುರದ ಪಾರಿವಾಳಗಳು ಒಮ್ಮೆಲೇ ಎದ್ದವು. ಓಣಿಯ ಮುದಿ ನಾಯಿಯೊಂದು ಊರು ಬಿಟ್ಟಿತು. ಎರಡು ದಿನದ ಮೇಲೆ ಅದನ್ನು ಮುದ್ದೇಬಿಹಾಳದ ಬಸ್ ಸ್ಟ್ಯಾಂಡಿನಲ್ಲಿ ಕಂಡವರಿದ್ದಾರೆ. ಯಾರಿಗಾಗಿ ಇಷ್ಟೆಲ್ಲ ಮಾಡಿದೆನೋ ಆ ಹೆಣ್ಣುಮಗಳು ಮಾತ್ರ ಬಾಗಿಲ ಬಳಿಯ ಒಲೆಯ ಮುಂದೆ ಕುಳಿತು ರೊಟ್ಟಿ ಬಡಿಯುತ್ತಿದ್ದಳು. ಎಮ್ಮೆ ಮುಂದಿನಿಂದ ಹಾದುಹೋದಾಗ ತಲೆ ಎತ್ತಿದಳು. ಎಮ್ಮೆಯನ್ನು ನೋಡಿದಳು, ಮುರಿದ ಗೋಡೆಯನ್ನು ನೋಡಿದಳು, ಮರದ ಮೇಲಿನ ಹಾರ್ನನ್ನು ನೋಡಿದಳು, ಕೊನೆಗೆ ನನ್ನನ್ನು ನೋಡಿದಳು. ಹಿಟ್ಟಿನ ಕೈಯನ್ನು ಹೊಟ್ಟೆಯ ಮೇಲಿಟ್ಟುಕೊಂಡು ನಗತೊಡಗಿದಳು.

ಆಕೆಯ ಅಣ್ಣನ ಹೆಂಡತಿ ಕಂಕುಳಲ್ಲಿ ಚೀರುವ ಕೂಸನ್ನಿಟ್ಟುಕೊಂಡು ಹೊರಗೆ ಬಂದರು. ಓಣಿಯೆಲ್ಲ ಅವರನ್ನು ವೈನಿ ಎನ್ನುತ್ತಿತ್ತು. ನನಗೂ ಅವರು ವೈನಿಯೇ ಆದರು.

"ಏ ಮೈಕಿನ್ಯಾಂವ! ಏನಲೇ ಇದು? ಸಿಡಿಲ ಬಡೀತ ಏನ ಊರಾಗ?"

"ನಿಮ್ಮ ನಾದಿನಿಗೆ ಕೇಳ್ಲಿ ಅಂತ ಹಚ್ಚೀನ್ರಿ ವೈನಿ."

"ಕೇಳದಾಕಿಗೆ ಕೇಳ್ಸಾಕ ಹೋಗಿ, ಕೇಳಾವರ ಕಿವೀನೂ ತಗದಿಯಲ್ಲೋ! ಎಮ್ಮಿ ಯಾರ ತರ್ತಾರ ಈಗ?"

"ನಾನ ತರ್ತೇನ್ರಿ."

"ಹೋಗು. ಮೈಕಿನ್ಯಾಗ ಕರಿಬ್ಯಾಡ ಮತ್ತ. ಸೊಲ್ಲಾಪುರ ಮುಟ್ಟೀತು ಅದು."

ಎಮರ್ಜೆನ್ಸಿ ಮುಗಿದ ವರ್ಷದ ಶ್ರಾವಣ ಅದು. ಬಸವನ ಬಾಗೇವಾಡಿಯ ಒಂದು ಮೈಕಿನಂಗಡಿಯಲ್ಲಿ ನಾನು ಕೆಲಸಕ್ಕಿದ್ದೆ. ಮಾಲಕರನ್ನು ಎಲ್ಲರೂ ಚಾಚಾ ಎನ್ನುತ್ತಿದ್ದರು. ಆ ವರ್ಷದ ಎಲೆಕ್ಷನ್ನಿನಲ್ಲಿ ಇಂಡಿ, ಸಿಂದಗಿ ಕಡೆಯೆಲ್ಲ ಜೀಪಿನ ಮೇಲೆ ಕೂಗಿ ಕೂಗಿ ನಮ್ಮ ಹಾರ್ನುಗಳ ಗಂಟಲು ಕೆಟ್ಟಿತ್ತು. ಅವನ್ನು ರಿಪೇರಿ ಮಾಡಿ ಮುಗಿಸುವ ಹೊತ್ತಿಗೆ, ಇಂಗಳೇಶ್ವರ ದಾಟಿದ ಮೇಲೆ ಬರುವ ಒಂದು ಹಳ್ಳಿಯ ಮಠದಿಂದ ಒಂದು ತಿಂಗಳ ಪ್ರವಚನಕ್ಕೆ ಸೆಟ್ ಬೇಕೆಂದು ಹೇಳಿಕೆ ಬಂತು. ಆ ಊರಿಗೆ ಕರೆಂಟಿನ ಕಂಬ ಬಂದಿದ್ದವು, ಕರೆಂಟು ಬಂದಿರಲಿಲ್ಲ. ಹಾಗಾಗಿ ಎರಡು ಹಾರ್ನು, ಒಂದು ಆಂಪ್ಲಿಫೈಯರ್, ಒಂದು ಮೈಕು, ಅದರ ಸ್ಟ್ಯಾಂಡು, ಹನ್ನೆರಡು ವೋಲ್ಟಿನ ಎರಡು ಬ್ಯಾಟರಿ, ಇವುಗಳ ಜೊತೆ ನನ್ನನ್ನೂ ಬಸ್ಸಿನ ಮೇಲೆ ಏರಿಸಿ ಚಾಚಾ ಹೇಳಿದ್ದು ಇಷ್ಟೇ: "ಹಚ್ಚೂದು, ಆರ್ಸೂದು. ನಡುವ ತಲಿ ಓಡಸಬ್ಯಾಡ."

ನಾನು ಹೋದ ಮೂರನೆಯ ದಿನವೇ ತಲೆ ಓಡಿಸಿದೆ. ಅದರ ಫಲವಾಗಿ ಆ ಸಂಜೆ ಎರಡು ಮೈಲು ಆಚೆ, ಯಾರದೋ ತೊಗರಿ ಹೊಲದಲ್ಲಿ ಎಮ್ಮೆಯ ಹಿಂದೆ ನಾನು ಓಡುತ್ತಿದ್ದೆ.

ಎಮ್ಮೆಯನ್ನು ಹಿಡಿದು ತಂದಾಗ ವೈನಿಯ ಸಿಟ್ಟು ಇಳಿದಿತ್ತು. ಕಟ್ಟೆಯ ಮೇಲೆ ಕೂಡಿಸಿ ರೊಟ್ಟಿ, ಶೇಂಗಾ ಚಟ್ನಿ ಕೊಟ್ಟರು. ಆ ರೊಟ್ಟಿ ನೋಡಿಯೇ ನಾನು ಸುಮ್ಮನಾದೆ. ವೀಳ್ಯದೆಲೆಯಷ್ಟು ತೆಳು, ಹುಣ್ಣಿಮೆ ಚಂದ್ರನಷ್ಟು ಗುಂಡು.

"ಮೂಗಿ ಭಾಳ ಛಲೋ ರೊಟ್ಟಿ ಮಾಡ್ತಾಳಲ್ರಿ," ಎಂದೆ. ಊರವರು ಹಾಗೆ ಕರೆಯುತ್ತಿದ್ದರು, ನಾನೂ ಕರೆದೆ.

ವೈನಿ ನನ್ನ ತಾಟನ್ನೇ ಕಸಿದುಕೊಳ್ಳುವವರ ಹಾಗೆ ನೋಡಿದರು. "ಮೂಗಿ ಅಂದಿ ಅಂದ್ರ ಆ ರೊಟ್ಟಿ ವಾಪಸ್ ಇಡು. ಆಕಿಗೆ ಮಾತು ಬರ್ತಾವ. ಏಳು ವರ್ಷದಾಕಿ ಇದ್ದಾಗ ದೊಡ್ಡ ಜ್ವರ ಬಂದು ಕಿವಿ ಹ್ವಾದು. ಆಮ್ಯಾಲ ಆಕಿ ದನಿ ಆಕಿಗೇ ಕೇಳ್ದಂಗಾಗಿ, ಮಾತು ಒಂದು ನಮೂನಿ ಆದ್ವು. ಓಣ್ಯಾಗ ಹುಡುಗುರು ಅಣಕ್ಸಿದ್ರು. ಬಾಯಿ ಮುಚ್ಚಿದ್ಳು. ಈಗ ನನ್ನ ಕೂಡ ಒಂದೀಟು, ಈ ಕೂಸಿನ ಕೂಡ ಭಾಳ, ಅಷ್ಟ ಮಾತಾಡ್ತಾಳ."

ಅಂದಿನಿಂದ ನಾನು ಆಕೆಯನ್ನು ಅಕ್ಕ ಎಂದೆ. ರೊಟ್ಟಿಯ ಆಸೆಗೆ ಎಂದು ಯಾರಾದರೂ ಹೇಳಿದರೆ ಅರ್ಧ ಒಪ್ಪಿಕೊಳ್ಳುತ್ತೇನೆ.

ವೈನಿ ಹೇಳಿದ ಉಳಿದ ಮಾತು ನಗುವಂಥದ್ದಾಗಿರಲಿಲ್ಲ. ಅಕ್ಕನಿಗೆ ಹುಟ್ಟಿದಾಗ ಕಟ್ಟಿದ ಲಿಂಗ ಕೊರಳಲ್ಲಿತ್ತು. ಎಂಟನೇ ವರ್ಷಕ್ಕೆ ದೀಕ್ಷೆ ಆಗಬೇಕಿತ್ತು, ಅಷ್ಟರಲ್ಲಿ ಕಿವಿ ಹೋಯಿತು. ದೀಕ್ಷೆಯಲ್ಲಿ ಗುರುಗಳು ಶಾಲು ಮುಚ್ಚಿ ಶಿಷ್ಯರ ಕಿವಿಯಲ್ಲಿ ಮಂತ್ರ ಹೇಳುತ್ತಾರೆ. ಕೇಳದ ಕಿವಿಯಲ್ಲಿ ಹೇಳಿದ್ದು ಹೇಳಿದಂತಾಗುವುದಿಲ್ಲ, ಕಿವಿ ಬಂದ ಮೇಲೆ ನೋಡೋಣ ಎಂದು ಆಗಿನ ಸ್ವಾಮಿಗಳು ಹೇಳಿದ್ದರು. ಕಿವಿ ಬರಲಿಲ್ಲ. ಆಕೆಗೆ ಇಪ್ಪತ್ತಾದಾಗ ಮತ್ತೊಮ್ಮೆ ಕೇಳಿದರು, ಅದೇ ಉತ್ತರ. ದೀಕ್ಷೆಯಾಗದವರು ಮಠದ ದಾಸೋಹದ ಅಡಿಗೆಮನೆಯೊಳಗೆ ಹೋಗುವಂತಿಲ್ಲ ಎಂಬುದು ಆ ಮಠದ ರೂಢಿ. ಆದ್ದರಿಂದ ಊರಿನಲ್ಲಿ ಎಲ್ಲರಿಗಿಂತ ಚೆನ್ನಾಗಿ ರೊಟ್ಟಿ ಬಡಿಯುವ ಅಕ್ಕ, ಶ್ರಾವಣದುದ್ದಕ್ಕೂ ಮಠದ ಅಂಗಳದಲ್ಲಿ ಕುಳಿತು ಜೋಳ ಹಸನು ಮಾಡುತ್ತಿದ್ದಳು. ಒಳಗೆ ಉಳಿದ ಹೆಂಗಸರು ಒಲೆ ಸುತ್ತ ಕುಳಿತು, ಹಾಡಿ, ನಕ್ಕು, ರೊಟ್ಟಿ ಬಡಿಯುತ್ತಿದ್ದರು.

"ತಿಂಗಳ ಕಡೀ ದಿನ ಬೆಳಗಾಗ ದೀಕ್ಷಾ ಅದಾವ," ಎಂದರು ವೈನಿ. "ಈ ಅಜ್ಜಾರು ಹೊಸಬರು. ಇವರನ್ನೂ ಒಮ್ಮೆ ಕೇಳಾಕಿ ನಾನು. ಇವರೂ ಒಲ್ಲೆ ಅಂದ್ರ, ಆಕಿ ಮುಂದ ಎಂದೂ ಕೇಳಗೊಡೂದಿಲ್ಲ. ನನಗ ಹೇಳ್ಯಾಳ, ಇದ ಕಡೀ ಸಲ ಅಂತ."

ಅಜ್ಜಾರು ಎಂದರೆ ಪ್ರವಚನಕ್ಕೆಂದು ಮುದ್ದೇಬಿಹಾಳದ ಕಡೆಯಿಂದ ಬಂದಿದ್ದ ಸ್ವಾಮಿಗಳು. ಎತ್ತರದ ಆಳು, ಎದೆಯವರೆಗೆ ಬಿಳಿ ಗಡ್ಡ, ಬಾಯಿ ಇದೆಯೋ ಇಲ್ಲವೋ ಎಂದು ಅನುಮಾನ ಬರುವಂಥ ಮೀಸೆ. ಅವರು ಮಾತನಾಡಿದರೆ ಮೀಸೆ ಅಲುಗಾಡುತ್ತಿತ್ತು, ಅಷ್ಟೇ. ಮರುದಿನ ಮಧ್ಯಾಹ್ನ ವೈನಿ ಅವರ ಮುಂದೆ ನಿಂತು ಕೇಳಿದಾಗ ನಾನು ಅಲ್ಲೇ ವೈರು ಸುತ್ತುತ್ತಿದ್ದೆ. ಸುತ್ತಿದ್ದನ್ನೇ ಬಿಚ್ಚಿ ಸುತ್ತುತ್ತಿದ್ದೆ, ಮಾತು ಕೇಳಬೇಕಿತ್ತಲ್ಲ.

ಮಠದ ಪಂಚರಲ್ಲಿ ಹಿರಿಯರಾದ ಸಾಹುಕಾರರು ಅಜ್ಜಾರ ಪಕ್ಕದಲ್ಲಿದ್ದರು. ಎಪ್ಪತ್ತು ದಾಟಿದ ಮನುಷ್ಯ, ಕೆಟ್ಟವರಲ್ಲ. ಆ ಮಠದ ಒಂದು ಕಲ್ಲು ಅಲುಗಿದರೂ ತಮ್ಮ ಹಲ್ಲು ಅಲುಗಿದ ಹಾಗೆ ಒದ್ದಾಡುವವರು.

"ಅಜ್ಜಾರ, ಇದು ಮೊದಲ ಎರಡು ಸಲ ಆಗೇತ್ರಿ," ಎಂದರು. "ಗುರು ಕಿವ್ಯಾಗ ಹೇಳಬೇಕು, ಶಿಷ್ಯಾ ಕಿವೀಲೆ ಕೇಳಬೇಕು. ಅದ ಇಲ್ಲಂದ್ರ ದೀಕ್ಷಾ ಎಲ್ಲೀದ್ರಿ?"

ಅಜ್ಜಾರು ವೈನಿಯ ಕಡೆ ತಿರುಗಿದರು. "ದೀಕ್ಷಾದಾಗ ಮೂರು ಅದಾವ ತಾಯಿ," ಎಂದರು. "ತಲಿ ಮ್ಯಾಲ ಕೈ ಇಡೂದೊಂದು, ಕಿವ್ಯಾಗ ಮಂತ್ರ ಹೇಳೂದೊಂದು, ಅಂಗೈಯಾಗ ಲಿಂಗ ಇಡೂದೊಂದು. ಎರಡು ಈಗ ಕೊಡಬಲ್ಲೆ. ನಡುವಿಂದು ಹೆಂಗ ಕೊಡ್ಲಿ, ನನಗ ತಿಳೀವಲ್ದು. ವಿಚಾರ ಮಾಡ್ತೇನಿ."

ನನ್ನ ಬಾಯಿ ಸುಮ್ಮನಿರಲಿಲ್ಲ. "ಅಜ್ಜಾರ, ಆಕಿ ತಲಿ ಹಾರ್ನಿನ ಒಳಗ ಇಟ್ಟು ನೀವು ಮೈಕಿನ್ಯಾಗ..." ಎಂದೆ.

ಮೂವರೂ ನನ್ನ ಕಡೆ ತಿರುಗಿದರು. ನಾನು ತಕ್ಷಣ ಹೊರಗೆ ಹೋಗಿ, ಏನೂ ಆಗಿರದ ಒಂದು ವೈರನ್ನು ಬಹಳ ಹೊತ್ತು ಪರೀಕ್ಷೆ ಮಾಡಿದೆ.

ದಿನಗಳು ಹೋದವು. ನನ್ನ ಕೆಲಸ ಒಂದು ಕ್ರಮಕ್ಕೆ ಬಂತು. ಒಂದು ಬ್ಯಾಟರಿ ಮೂರು ಸಂಜೆಗೆ ಸಾಕಾಗುತ್ತಿತ್ತು. ಮೂರನೆಯ ದಿನ ಅದನ್ನು ಬಸ್ಸಿನಲ್ಲಿ ಬಾಗೇವಾಡಿಗೆ ಒಯ್ದು ಚಾರ್ಜಿಗೆ ಹಾಕಿ, ಚಾರ್ಜ್ ಆಗಿದ್ದ ಇನ್ನೊಂದನ್ನು ತರುವುದು. ಸಂಜೆ ಹಾರ್ನಿನ ವೈರು ನೋಡುವುದು, ಮೈಕಿಗೆ ಕೆಂಪು ಅರಿವೆ ಕಟ್ಟುವುದು. ಅಂಗೈಯಷ್ಟು ದಪ್ಪ ಮೂತಿಯ ಮೈಕು ಅದು, ನನ್ನ ಹೆಮ್ಮೆ. ಅಜ್ಜಾರು ಸ್ವಲ್ಪ ಹಿಂದೆ ಸರಿದರೆ ಸಾಕು, "ಇನ್ನೂ ಹತ್ರ ಬರ್ರಿ ಅಜ್ಜಾರ, ಬಾಯಿಗೆ ಹಚ್ಚಿ ಮಾತಾಡ್ರಿ," ಎಂದು ಸ್ಟ್ಯಾಂಡನ್ನು ಅವರ ಮುಖದೊಳಗೆ ತುರುಕುತ್ತಿದ್ದೆ.

ಅಕ್ಕ ಪ್ರತಿ ಸಂಜೆ ಬರುತ್ತಿದ್ದಳು. ಹೆಂಗಸರ ಮೊದಲ ಸಾಲಿನಲ್ಲಿ ಕುಳಿತು, ಕತ್ತನ್ನು ಒಮ್ಮೆ ಎಡಕ್ಕೆ ಚಾಚುವಳು, ಒಮ್ಮೆ ಬಲಕ್ಕೆ. ಸ್ವಲ್ಪ ಹೊತ್ತಿಗೆ ಎದ್ದು ಆ ಕಡೆ ಹೋಗಿ ಕೂರುವಳು, ಮತ್ತೆ ಈ ಕಡೆ. ನನ್ನ ಮೈಕಿನ ಚೆಂದ ನೋಡುತ್ತಿದ್ದಾಳೆ ಎಂದುಕೊಂಡೆ. ನಾಲ್ಕು ದಿನ ಕಳೆದ ಮೇಲೆ ಇನ್ನೊಂದು ಅನುಮಾನವೂ ಬಂದು, ದಿನಾ ಸಂಜೆ ತಲೆಗೆ ಕೊಬ್ಬರಿ ಎಣ್ಣೆ ಹಚ್ಚಿ ಬೈತಲೆ ತೆಗೆಯತೊಡಗಿದೆ. ಇದನ್ನು ಬರೆಯುವಾಗ ಈಗಲೂ ಕಿವಿ ಬಿಸಿಯಾಗುತ್ತವೆ.

ಮೂರನೆಯ ವಾರ ಆ ಬ್ಯಾಟರಿಯ ಪ್ರಸಂಗ ನಡೆಯಿತು. ಬಾಗೇವಾಡಿಯಲ್ಲಿ ಎರಡೂ ಬ್ಯಾಟರಿ ಅಕ್ಕಪಕ್ಕ ಇದ್ದವು, ಅವಳಿ ಮಕ್ಕಳ ಹಾಗೆ. ನಾನು ಅಂಗಡಿಯವನ ಜೊತೆ ಎಲೆಕ್ಷನ್ನಿನ ಮಾತು ಆಡುತ್ತ, ಚಾರ್ಜ್ ಆದದ್ದನ್ನು ಅಲ್ಲೇ ಬಿಟ್ಟು, ಸತ್ತದ್ದನ್ನು ಕೂಸಿನ ಹಾಗೆ ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಬಂದೆ. ಅದರ ಆಸಿಡ್ ತುಳುಕಿ ನನ್ನ ಪ್ಯಾಂಟಿಗೆ ಐದು ತೂತು ಬಿದ್ದಿದ್ದವು. ಸಂಜೆ ಜನ ಕೂಡಿದರು, ಅಜ್ಜಾರು ಗದ್ದುಗೆಯ ಮುಂದೆ ಕುಳಿತರು, ನಾನು ಗುಂಡಿ ಒತ್ತಿದೆ. ಏನೂ ಇಲ್ಲ. ವೈರು ಬಿಚ್ಚಿ ಕಟ್ಟಿದೆ. ಏನೂ ಇಲ್ಲ. ಪ್ಯಾಂಟಿನ ತೂತುಗಳೊಳಗಿಂದ ತಣ್ಣಗೆ ಗಾಳಿ ಬರುತ್ತಿತ್ತು.

"ಏನಾತೋ?" ಎಂದರು ಅಜ್ಜಾರು.

"ಸತ್ತಿದ್ದ ಬ್ಯಾಟ್ರಿ ತಂದೇನ್ರಿ ಅಜ್ಜಾರ."

ಸಾಹುಕಾರರು ಹಣೆ ಬಡಿದುಕೊಂಡರು. ಅಜ್ಜಾರು ಮಾತ್ರ ನಕ್ಕು, "ಹಂಗಾದ್ರ ಇದನ್ನ ತಗದು ಬಾಜೂಕ ಇಡು, ಇವತ್ತ ಗಂಟಲಲೆ ಹೇಳೂಣು," ಎಂದರು. ನಾನು ಸ್ಟ್ಯಾಂಡನ್ನು ಎತ್ತಿ ಮೂಲೆಗಿಟ್ಟೆ. ಜನ ಮುಂದೆ ಸರಿದು ಒತ್ತಾಗಿ ಕುಳಿತರು.

ಅಂದು ಅಜ್ಜಾರು, ಕಣ್ಣು ಮುಚ್ಚಿ ಪೂಜೆಗೆ ಕುಳಿತ ಒಬ್ಬ ರೈತನ ಕಥೆ ಹೇಳಿದರು. ಅವನ ಅಂಗೈಯಲ್ಲಿ ಲಿಂಗ, ಮನಸ್ಸು ಮಾತ್ರ ಸಂತೆಯಲ್ಲಿ ಎತ್ತಿನ ಹಲ್ಲು ಎಣಿಸುತ್ತಿದೆ. ಕೈ ಮೇಲೆ ಮಾಡಿ, ಕಣ್ಣು ಮುಚ್ಚಿ, ತುಟಿ ಅಲುಗಿಸುತ್ತ ಅಜ್ಜಾರು ಆ ರೈತನೇ ಆದರು. "ಪೂಜಿ ಆತೇನೋ?" ಎಂದು ಗುರುಗಳು ಕೇಳಿದರೆ, ಕಣ್ಣು ಬಿಡದೆಯೇ ಅವನು "ಇಲ್ರಿ, ಇನ್ನೂ ನಾಕ ಹಲ್ಲು ಅದಾವ್ರಿ," ಎಂದನಂತೆ.

ಎಲ್ಲರಿಗಿಂತ ಮೊದಲು ನಕ್ಕವಳು ಅಕ್ಕ. ಬೇರೆಯವರು ನಕ್ಕಿದ್ದನ್ನು ನೋಡಿ ನಕ್ಕದ್ದಲ್ಲ, ಅವರಿಗಿಂತ ಮೊದಲೇ ನಕ್ಕಳು. ಅಜ್ಜಾರ ಕಣ್ಣು ಆಕೆಯ ಮೇಲೆ ನಿಂತಿತು. ಆಕೆಯ ಎದುರಿಗೆ, ಗಂಡಸರ ಮೊದಲ ಸಾಲಿನಲ್ಲಿ, ದಿನಾ ಹಾರ್ನಿನ ಕೆಳಗೆ ಕೂರುತ್ತಿದ್ದ ಸಾಹುಕಾರರು ಅಂದು ನಗದೆ ತಲೆ ಮಾತ್ರ ಆಡಿಸುತ್ತಿದ್ದರು.

ಪ್ರವಚನ ಮುಗಿದು ಜನ ಏಳುತ್ತಿದ್ದಾಗ ಅಜ್ಜಾರು ವೈನಿಯನ್ನೂ ಅಕ್ಕನನ್ನೂ ಕರೆದರು. "ಯಾಕ ನಕ್ಳು ಕೇಳವ್ವ."

ವೈನಿ ಕೇಳುವ ಮೊದಲೇ ಅಕ್ಕ ಅಂಗೈ ಚಾಚಿ, ಕಣ್ಣು ಮುಚ್ಚಿ, ಇನ್ನೊಂದು ಕೈಯ ಬೆರಳಿನಿಂದ ಗಾಳಿಯಲ್ಲಿ ಎತ್ತಿನ ಹಲ್ಲು ಎಣಿಸಿದಳು. ಕೊನೆಗೆ ನಾಲ್ಕು ಬೆರಳು ಎತ್ತಿದಳು.

"ಹಂಗಾದ್ರ ಇಷ್ಟು ದಿನ ಯಾಕ ನಗಲಿಲ್ಲ? ದಿನಾ ಒಂದು ಕತಿ ಹೇಳೀನಲ್ಲ?"

ಅಕ್ಕ ಸುತ್ತ ನೋಡಿದಳು. ಮೂಲೆಗೆ ಹೋಗಿ, ನನ್ನ ಮೈಕಿನ ಸ್ಟ್ಯಾಂಡನ್ನು ಎರಡೂ ಕೈಯಿಂದ ಎತ್ತಿ ತಂದು, ಅಜ್ಜಾರ ಮುಖದ ಮುಂದೆ, ನಾನು ದಿನಾ ಇಡುತ್ತಿದ್ದ ಜಾಗದಲ್ಲೇ ಇಟ್ಟಳು. ಆಮೇಲೆ ತನ್ನ ಬಾಯಿಯನ್ನು ಅಂಗೈಯಿಂದ ಮುಚ್ಚಿಕೊಂಡಳು.

ಹದಿನೆಂಟು ಸಂಜೆ ಆಕೆ ಎಡಕ್ಕೂ ಬಲಕ್ಕೂ ಕತ್ತು ಚಾಚಿದ್ದು ನನ್ನ ಕಣ್ಣ ಮುಂದೆ ಬಂತು. ಊರಿಗೆಲ್ಲ ಕೇಳಿಸಲು ಬಂದ ನಾನು, ಆಕೆ ಕೇಳುವ ಒಂದೇ ದಾರಿಗೆ ದಪ್ಪ ಮೂತಿಯ ಮೈಕನ್ನು ಅಡ್ಡ ಇಟ್ಟು, ಅದಕ್ಕೆ ಕೆಂಪು ಅರಿವೆ ಬೇರೆ ಕಟ್ಟಿದ್ದೆ. ನನ್ನ ತಲೆಯ ಕೊಬ್ಬರಿ ಎಣ್ಣೆ ಆ ಕ್ಷಣಕ್ಕೇ ಆವಿಯಾಯಿತು.

ಅಕ್ಕ ಇನ್ನೂ ಒಂದು ಸನ್ನೆ ಮಾಡಿದಳು: ಎರಡು ಬೆರಳನ್ನು ಮೂಗಿನ ಕೆಳಗೆ ಎಳೆದು, ಆಮೇಲೆ ಏನನ್ನೋ ಗಟಗಟನೆ ನುಂಗಿದ ಹಾಗೆ. ವೈನಿ ಸೆರಗು ಬಾಯಿಗಿಟ್ಟುಕೊಂಡು ನೆಲ ನೋಡಿದರು.

"ಏನಂತಾಳ?" ಎಂದರು ಅಜ್ಜಾರು.

"ಏನಿಲ್ರಿ ಅಜ್ಜಾರ."

"ಹೇಳವ್ವ."

"ಮೈಕ್ ತಗದ್ರೂ ಅರ್ಧಾ ಮಾತು... ಅಜ್ಜಾರ ಮೀಸಿ ನುಂಗತೈತಿ ಅಂತಾಳ್ರಿ."

ಅಜ್ಜಾರ ಗಡ್ಡ ಮೊದಲು ಅಲುಗಿತು, ಆಮೇಲೆ ಹೊಟ್ಟೆ, ಆಮೇಲೆ ಇಡೀ ಅಜ್ಜಾರೇ ನಗುತ್ತಿದ್ದರು.

ಸಾಹುಕಾರರು ನಗಲಿಲ್ಲ. "ಕತಿಗೆ ನಗೂದು ಬ್ಯಾರೆ, ಮಂತ್ರ ಬ್ಯಾರೆ ಅಜ್ಜಾರ. ಅದು ಕಿವೀಲೆ ಹೋಗಬೇಕು."

ಅಜ್ಜಾರು ಅವರ ಹತ್ತಿರ ಸರಿದು, ಗಟ್ಟಿಯಾಗಿ ಕೇಳಿದರು. "ಸಾವಕಾರ್ರ, ನಾ ಇವತ್ತ ಹೇಳಿದ ಕತಿ ಯಾವದು?"

ಸಾಹುಕಾರರು ನನ್ನನ್ನು ನೋಡಿದರು, ಕಂಬ ನೋಡಿದರು. "ಮೈಕ್ ಇರಲಿಲ್ಲಲ್ರಿ..." ಎಂದರು ಕೊನೆಗೆ. "ಕೇಳಸ್ಲಿಲ್ಲ."

ದಿನಾ ಅವರು ಹಾರ್ನಿನ ಕೆಳಗೇ ಯಾಕೆ ಕೂರುತ್ತಿದ್ದರು ಎಂಬುದು ನನಗೆ ಆಗ ತಿಳಿಯಿತು.

"ನಿಮ್ಮ ದೀಕ್ಷಾ ಎಷ್ಟನೇ ವರ್ಷಕ್ಕ ಆತು?"

"ಎಂಟಕ್ಕರಿ."

"ಆವಾಗ ಕಿವಿ ಛಲೋ ಇದ್ದು. ಈಗ ಹ್ವಾದು. ಒಳಗ ಹೋದ ಮಂತ್ರನೂ ಹೊರಗ ಬಂತೇನ್ರಿ?"

"ಶಿವಾ ಶಿವಾ! ಅದೆಂಗ ಬರ್ತೈತ್ರಿ?"

"ಹಂಗಾದ್ರ ಕಿವಿ ಅಂಬೂದು ಬರೇ ಬಾಗ್ಲಾ. ಈಕಿ ಮನಿ ಬಾಗ್ಲಾ ಬ್ಯಾರೆ ಕಡೆ ಐತಿ. ನಾವು ಗ್ವಾಡಿ ಬಡದು ಯಾರೂ ತಗೀವಲ್ರು ಅಂತ ಕುಂತೀವಿ."

ಸಾಹುಕಾರರು ರುಮಾಲು ತೆಗೆದು ತೊಡೆಯ ಮೇಲಿಟ್ಟುಕೊಂಡರು. "ಎರಡು ಸಲ ಆಕಿನ್ನ ವಾಪಸ್ ಕಳಸಿದಾಂವ ನಾನ ಅದೇನ್ರಿ ಅಜ್ಜಾರ," ಎಂದರು. "ಎಂಟು ವರ್ಷದ ಕೂಸಿದ್ದಾಗ ಒಮ್ಮೆ. ಕೈ ಹಿಡದು ಮಠದ ಮೆಟ್ಲಾ ಇಳಿಸೀನಿ. ಈಗ ಹೌದಂದ್ರ, ಆವಾಗ ಮಾಡಿದ್ದು ತಪ್ಪ ಆಕ್ಕೈತಿ."

"ತಪ್ಪ ಆಗೇತಿ," ಎಂದರು ಅಜ್ಜಾರು. "ಮೂರನೇ ಸಲ ಮಾಡೂದು ಬ್ಯಾಡ."

ಮರುದಿನ ಮುಂಜಾನೆ ಕ್ಷೌರಿಕ ಬಂದ. ಮೀಸೆಗೆ ಕತ್ತಿ ಹಚ್ಚಲು ಅವನು ಒಪ್ಪದೆ, ಅಜ್ಜಾರೇ ಅವನ ಮಣಿಕಟ್ಟು ಹಿಡಿದು ತಂದು ಹಚ್ಚಬೇಕಾಯಿತು. ಮೀಸೆ ಹೋದ ಮೇಲೆ ಕೆಳಗೆ ಒಂದು ಬಾಯಿ ಸಿಕ್ಕಿತು. ಮೇಲ್ದುಟಿ ತೆಳ್ಳಗೆ, ಬಿಸಿಲು ಕಾಣದ ಬಣ್ಣದ್ದು. ಸಂಜೆ ಜನ ಅಜ್ಜಾರನ್ನು ಗುರುತಿಸಲು ಸ್ವಲ್ಪ ಹೊತ್ತು ಹಿಡಿಯಿತು. "ಯಾರರ ತೀರ್ಕೊಂಡಾರೇನ್ರಿ ಮಠದಾಗ?" ಎಂದು ಒಬ್ಬಾತ ನನ್ನನ್ನು ಕೇಳಿದ. "ಹೌದ್ರಿ, ಮೀಸಿ," ಎಂದೆ.

ಈಗ ನನ್ನ ಸರದಿ. ಮೈಕನ್ನು ಬಾಯಿಯಿಂದ ಇಳಿಸಿ ಅಜ್ಜಾರ ಎದೆಯ ಮಟ್ಟಕ್ಕೆ ತಂದೆ. ಬಾಯಿ ದೂರವಾದರೆ ದನಿ ಸಣ್ಣದಾಗುತ್ತದೆ. ಗುಂಡಿ ಏರಿಸಿದರೆ ಹಾರ್ನಿನ ದನಿ ತಿರುಗಿ ಮೈಕಿಗೇ ನುಗ್ಗಿ ಕೂಯ್ ಎಂದು ಕೂಗುತ್ತದೆ. ಮೊದಲ ಸಲ ಕೂಗಿದಾಗ ವೈನಿ ಎದ್ದು ಎಮ್ಮೆ ಹಿಡಿಯಲು ಮನೆಗೆ ಓಡಿದರು. ಎರಡೂ ಹಾರ್ನುಗಳನ್ನು ಬಿಚ್ಚಿ, ಜನರ ಹಿಂದಕ್ಕೆ, ದೂರದ ಎರಡು ಕಂಬಗಳಿಗೆ, ಬೆನ್ನು ಮೈಕಿಗೆ ಬರುವಂತೆ ಕಟ್ಟಿದೆ. ಕೂಗು ನಿಂತಿತು. ಹಾರ್ನು ದೂರವಾಯಿತೆಂದು ಸಾಹುಕಾರರು ಗೊಣಗಲಿಲ್ಲ. ತಮ್ಮ ಚಾಪೆ ಎತ್ತಿಕೊಂಡು ಅದರ ಬುಡಕ್ಕೇ ಹೋಗಿ ಕುಳಿತರು. ಅಕ್ಕ ಆಮೇಲೆ ಜಾಗ ಬದಲಿಸಲಿಲ್ಲ.

ದೀಕ್ಷೆಯ ಸಿದ್ಧತೆಯಲ್ಲಿ ಇನ್ನೊಂದು ತೊಡಕು ಎದ್ದಿತು. ಬೆಳಗಿನ ಜಾವ, ಮಠದ ಒಳಕೋಣೆ, ಕಿಟಕಿ ಇಲ್ಲ, ಮೇಲೆ ಶಾಲು. ಆ ಕತ್ತಲಲ್ಲಿ ತುಟಿ ಕಾಣುವುದು ಹೇಗೆ? ಶಾಲನ್ನು ತಲೆಯ ಮೇಲೆ ಹೊದಿಸುವ ಬದಲು ಸುತ್ತ ಪರದೆಯಂತೆ ಹಿಡಿಯಲಿ ಎಂದು ಅಜ್ಜಾರು ಹೇಳಿದರು. ಬೆಳಕಿನ ಕೆಲಸ ನನಗೆ ಬಂತು. ಚಾಚಾಗೆ ಹೇಳಿ ಕಳುಹಿಸಿದೆ. ಅವರು ಲಾರಿಯ ಹೆಡ್‌ಲೈಟಿನ ಬಲ್ಬೊಂದನ್ನೂ, ಚಾರ್ಜ್ ಮಾಡಿಸಿದ ಎರಡೂ ಬ್ಯಾಟರಿಗಳನ್ನೂ ತಾವೇ ಬಸ್ಸಿನಲ್ಲಿ ತಂದುಕೊಟ್ಟರು. "ನಿನ್ನ ಕೈಯಾಗ ಕೊಟ್ರ ಮತ್ತ ಸತ್ತದ್ದ ಒಯ್ತಿ," ಎಂದರು. ಬಲ್ಬಿಗೊಂದು, ಮೈಕಿಗೊಂದು ಬ್ಯಾಟರಿ.

ಹಿಂದಿನ ದಿನ ತಾಲೀಮು. ಮೊದಲು ಬಲ್ಬನ್ನು ಅಜ್ಜಾರ ಬೆನ್ನ ಹಿಂದೆ ಕಟ್ಟಿದೆ. ಅವರ ತಲೆಯ ಸುತ್ತ ಪ್ರಭಾವಳಿ ಬಂದು ದೇವರ ಪಟದ ಹಾಗೆ ಕಂಡರು, ಮುಖ ಮಾತ್ರ ಇದ್ದಿಲು. ಅಕ್ಕ ತಲೆ ಅಲ್ಲಾಡಿಸಿದಳು. ಎದುರಿಗೆ ಕಟ್ಟಿದೆ, ಶ್ರಾವಣದ ಹುಳುಗಳೆಲ್ಲ ಬಂದು ಅಜ್ಜಾರ ಬಾಯಿಗೇ ನುಗ್ಗಿದವು. "ಮೀಸಿ ಇದ್ದಿದ್ರ ಛಲೋ ಆಗ್ತಿತ್ತು," ಎಂದರು ಅಜ್ಜಾರು ಉಗುಳುತ್ತ. ಕೊನೆಗೆ ಪಕ್ಕದಲ್ಲಿ, ಸ್ವಲ್ಪ ಕೆಳಗೆ, ತಗಡಿನ ಡಬ್ಬಿಯೊಳಗೆ ಬಲ್ಬನ್ನಿಟ್ಟು, ಡಬ್ಬಿಯ ಬಾಯಿಗೆ ಎಣ್ಣೆ ಕಾಗದ ಕಟ್ಟಿದೆ. ಬೆಳಕು ಮೆತ್ತಗೆ ಗಲ್ಲದಿಂದ ಮೂಗಿನವರೆಗೆ ಬಿತ್ತು. ಅಕ್ಕ ನನ್ನ ಕಡೆ ತಿರುಗಿ, ಸಾಕು ಎಂಬಂತೆ ಕೈ ಎತ್ತಿದಳು. ಚಾಚಾ ನನಗೆ ಆವರೆಗೆ ಕೊಟ್ಟ ಎಲ್ಲ ಶಹಬ್ಬಾಸುಗಳಿಗಿಂತ ಅದು ದೊಡ್ಡದು. ಚಾಚಾ ಕೊಟ್ಟದ್ದು ಒಂದೂ ಇಲ್ಲ, ಅದು ಬೇರೆ ಮಾತು.

ಕಡೆಯ ದಿನ ಬೆಳಗಿನ ಜಾವ ಎಂಟು ಮಕ್ಕಳ ದೀಕ್ಷೆಯಾಯಿತು. ಕೊನೆಗೆ ಅಕ್ಕ. ಸ್ನಾನ ಮಾಡಿ, ಹಣೆಗೆ ವಿಭೂತಿ ಹಚ್ಚಿಕೊಂಡು ಬಂದಿದ್ದಳು. ಸುದ್ದಿ ತಿಳಿದು ಅಂಗಳ ತುಂಬ ಜನ. ಆಗ ಸಾಹುಕಾರರು ನನ್ನ ಬಳಿ ಬಂದರು. ಕಣ್ಣು ತುಂಬಿದ್ದವು ಅವರಿಗೆ.

"ತಮ್ಮಾ, ಮೈಕ್ ಒಳಗ ಇಡೋ. ಅಜ್ಜಾರು ಹೇಳೂದು, ಆಕಿ ಹೇಳೂದು ಊರೆಲ್ಲ ಕೇಳ್ಲಿ. ನಾನೂ ಕೇಳ್ತೇನಿ."

ಮನಸ್ಸಿನಿಂದ ಹೇಳಿದ ಮಾತು ಅದು. ನಾನು ಒಳಗೆ ನೋಡಿದೆ. ಬಾಯಿ ತೆರೆದರೆ ಮಕ್ಕಳು ಅಣಕಿಸುತ್ತಾರೆಂದು ಹತ್ತೊಂಬತ್ತು ವರ್ಷ ಬಾಯಿ ಮುಚ್ಚಿದ್ದ ಹೆಣ್ಣುಮಗಳು ಅಲ್ಲಿ ಕುಳಿತಿದ್ದಳು. ಅಜ್ಜಾರು ಹೇಳಿದ ಮೇಲೆ ಆಕೆಯೂ ಮಂತ್ರ ಹೇಳಬೇಕು, ಆ ದನಿಯಲ್ಲೇ. ಆಕೆಗಿಂತ ಮೊದಲು ಕುಳಿತ ಎಂಟು ಮಕ್ಕಳಲ್ಲಿ ಒಬ್ಬರ ಕಿವಿಯಲ್ಲಿ ಹೇಳಿದ್ದನ್ನೂ ಯಾರೂ ಹಾರ್ನಿನಲ್ಲಿ ಹಾಕಿರಲಿಲ್ಲ.

"ಬ್ಯಾಟ್ರಿ ಸತ್ತೈತ್ರಿ ಸಾವಕಾರ್ರ," ಎಂದೆ.

"ಮತ್ತ? ಅಲ್ಲಿ ದೀಪಾ ಉರೀತೈತಲ್ಲೋ!"

"ಅದು ಬ್ಯಾರೆ ಬ್ಯಾಟ್ರಿ ರೀ. ಮೈಕಿಂದು ಸತ್ತೈತಿ. ನಾ ಚಾರ್ಜಿಗೆ ಹಾಕೂದು ಮರ್ತೇನ್ರಿ."

ಯಾರೂ ಒಂದು ಕ್ಷಣ ಅನುಮಾನಿಸಲಿಲ್ಲ. ಅಷ್ಟು ನಂಬಿಕೆಯನ್ನು ನಾನು ಒಂದು ತಿಂಗಳು ಬೆವರು ಸುರಿಸಿ ಗಳಿಸಿದ್ದೆ. ಸಾಹುಕಾರರು ನನ್ನ ವಂಶವನ್ನು ಮೂರು ತಲೆಮಾರು ಹಿಂದಿನವರೆಗೆ ನೆನೆದರು. ಅಂಗಳದಲ್ಲಿ ಯಾರೋ, "ಈ ಮಗನ್ನ ಮೊದಲ ಚಾರ್ಜಿಗೆ ಹಾಕ್ರಿ," ಎಂದರು. ನಾನು ತಲೆ ತಗ್ಗಿಸಿ ಬೈಗುಳ ತಿಂದೆ. ಅಷ್ಟು ರುಚಿಯಾದ ಬೈಗುಳ ನಾನು ಮತ್ತೆ ತಿಂದಿಲ್ಲ.

ವೈನಿಯೂ ಇನ್ನಿಬ್ಬರು ಹೆಂಗಸರೂ ಶಾಲು ಹಿಡಿದರು. ನಾನಿದ್ದ ಬಾಗಿಲಿನಿಂದ ಒಂದು ಸಂದಿ ಮಾತ್ರ ಕಾಣುತ್ತಿತ್ತು. ಅಜ್ಜಾರು ಆಕೆಯ ತಲೆಯ ಮೇಲೆ ಕೈಯಿಟ್ಟರು. ಆಕೆಯ ಕಿವಿಯ ಕಡೆ ಬಾಗಲಿಲ್ಲ. ಎದುರಿಗೆ ಕುಳಿತು, ಆಕೆಯ ಕಣ್ಣು ನೋಡುತ್ತ, ತುಟಿ ಅಲುಗಿಸಿದರು. ಮೂರು ಸಲ. ಆಮೇಲೆ ಆಕೆಯ ತುಟಿ ಅಲುಗಿತು. ಏನು ದನಿ ಬಂತೋ, ಎಷ್ಟು ಬಂತೋ, ಶಾಲಿನಿಂದ ಈಚೆಗೆ ಮುಟ್ಟಲಿಲ್ಲ. ಅಜ್ಜಾರು ಆಕೆಯ ಎಡ ಅಂಗೈಯಲ್ಲಿ ಲಿಂಗವಿಟ್ಟರು.

ಹೊರಗೆ ಬಂದಾಗ ಸಾಹುಕಾರರು ಮೆಟ್ಟಿಲ ಬಳಿ ನಿಂತಿದ್ದರು. ಆಕೆಯ ಮುಂದೆ ಕೈ ಮುಗಿದರು. ಆಮೇಲೆ ತಾವೇ ಮುಂದೆ ಹೋಗಿ ಅಡಿಗೆಮನೆಯ ಬಾಗಿಲ ಪರದೆ ಸರಿಸಿ ಹಿಡಿದರು. ಅಕ್ಕ ಒಳಗೆ ಹೋದಳು. ಹೆಂಗಸರು ಒತ್ತಾಗಿ ಸರಿದು ಒಲೆಯ ಮುಂದೆ ಜಾಗ ಮಾಡಿದರು. ಅಂದು ನಾನು ಎಷ್ಟು ರೊಟ್ಟಿ ತಿಂದೆನೆಂದು ಹೇಳುವುದಿಲ್ಲ. ಬಡಿಸುವವರು ಎರಡು ಸಲ ಬದಲಾದರು ಎಂದಷ್ಟೇ ಹೇಳುತ್ತೇನೆ.

ಇದಾಗಿ ಎರಡು ವರ್ಷವಾಯಿತು. ಅಂದಿನಿಂದ ಎಲ್ಲಿ ಮೈಕ್ ಕಟ್ಟಿದರೂ ಮೊದಲು ಎದುರಿಗೆ ಹೋಗಿ ಕುಳಿತು ಮಾತನಾಡುವವರ ಬಾಯಿ ಕಾಣುತ್ತದೆಯೇ ಎಂದು ನೋಡುತ್ತೇನೆ. ಚಾಚಾಗೆ ಇದು ಹೊಸ ಹುಚ್ಚು ಎನಿಸಿದೆ. ಅಜ್ಜಾರಿಗೆ, ವೈನಿಗೆ, ತಪ್ಪನ್ನು ತಪ್ಪು ಎಂದ ಆ ಮುದುಕ ಸಾಹುಕಾರರಿಗೆ ನಾನು ಮನಸ್ಸಿನಲ್ಲೇ ಎಷ್ಟೋ ಸಲ ಕೈ ಮುಗಿದಿದ್ದೇನೆ.

ದೀಕ್ಷೆಯಾದ ಆ ದಿನ ಮಧ್ಯಾಹ್ನ ನಾನು ಹಾರ್ನು ಇಳಿಸಿ ಬಸ್ಸಿಗೆ ಹೊರಟಿದ್ದಾಗ ಅಕ್ಕ ಬುತ್ತಿ ಕಟ್ಟಿಕೊಂಡು ಬಂದಳು, ಒಬ್ಬಳೇ. ಬುತ್ತಿಯನ್ನು ನನ್ನ ಕೈಗಿಟ್ಟು ಸುತ್ತ ನೋಡಿದಳು. ಯಾರೂ ಇರಲಿಲ್ಲ. ಆಂಪ್ಲಿಫೈಯರಿನ ಮೂತಿಯ ಮೇಲಿರುವ ಸಣ್ಣ ಕೆಂಪು ದೀಪವನ್ನು ಬೆರಳಿನಿಂದ ಮುಟ್ಟಿದಳು.

"ಮುಂಜಾನೆ ಇದು ಉರೀತಿತ್ತು," ಎಂದಳು. ದನಿ ದಪ್ಪವಾಗಿತ್ತು, ಅಕ್ಷರಗಳು ಒಂದಕ್ಕೊಂದು ಅಂಟಿಕೊಂಡಿದ್ದವು. ಆದರೆ ತಿಳಿಯಿತು. "ಬ್ಯಾಟ್ರಿ ಛಲೋ ಇತ್ತು."

ಸಿಕ್ಕಿಬಿದ್ದ ಕಳ್ಳನ ಹಾಗೆ ನಿಂತೆ. ಏನಾದರೂ ಕೇಳಬೇಕಿತ್ತು. ಆಕೆಯ ಎದುರಿಗೆ ಬಂದು, ಬಾಯಿಯನ್ನು ಬಾವಿಯಷ್ಟು ಅಗಲ ತೆರೆದು, ಒಂದೊಂದೇ ಅಕ್ಷರವಾಗಿ, "ಅಜ್ಜಾರು... ಹೇಳಿದ್ದು... ಪೂರಾ... ತಿಳೀತ... ಅಕ್ಕಾ?" ಎಂದೆ.

"ಸುಮ್ನ ಹೇಳೋ, ಹಂಗ ಬಾಯಿ ತಗೀಬ್ಯಾಡ," ಎಂದು ನಕ್ಕಳು. ಆಮೇಲೆ ಕೊರಳ ಲಿಂಗವನ್ನು ಸೆರಗಿನೊಳಗೆ ಸರಿಮಾಡಿಕೊಂಡು ಹೇಳಿದಳು:

"ಮಂತ್ರ ನನಗ ಮೊದಲ ಗೊತ್ತಿತ್ತು. ಸಣ್ಣಾಕಿ ಇದ್ದಾಗಿಂದ ಎಲ್ಲಾರ ಬಾಯಾಗೂ ದಿನಾ ನೋಡ್ತಿದ್ನಿ. ನನಗಂತ ಯಾರೂ ಹೇಳಿರಲಿಲ್ಲ."